ಹದ

ಗೋದಲಿಯ ಬೆಟ್ಟಕ್ಕೆ ನಾನು ಕಲ್ಲು ತರುವುದಿಲ್ಲ.
ಕುಲುಮೆ ಉಗುಳಿದ ಕಿಟ್ಟ ತರುತ್ತೇನೆ,
ಕಾರ್ಖಾನೆಯ ಹಿಂದಿನ ಗುಡ್ಡೆಯಿಂದ,
ಗೋಣಿಚೀಲದಲ್ಲಿ, ಸೈಕಲ್ಲಿನ ಮೇಲೆ.
ಕಪ್ಪು, ಗಾಜಿನ ಹೊಳಪು, ಅಂಚು ಚೂಪು.
ಬೆತ್ಲೆಹೇಮು ಹೇಗಿತ್ತೋ ಕಂಡವರಾರು,
ಭದ್ರಾವತಿಯಲ್ಲಿ ಹೀಗಿದೆ.

ಮೂವತ್ತೊಂದು ವರ್ಷ ಎರಕದ ಅಚ್ಚು ಕಟ್ಟಿದವನು,
ಚೌರಪ್ಪ, ಟೋಕನ್ನು ನಾನೂರ ಹದಿನೇಳು.
ಮರಳನ್ನು ಮುಷ್ಟಿಯಲ್ಲಿ ಅಮುಕಿದರೆ ಉಂಡೆ ಕಟ್ಟಬೇಕು,
ಬಿಟ್ಟರೆ ಬೆರಳ ಗುರುತು ಉಳಿಯಬೇಕು,
ಅಂಗೈ ಮಾತ್ರ ಒದ್ದೆಯಾಗಬಾರದು.
ಅದಕ್ಕೆ ಹದ ಅನ್ನುತ್ತಾರೆ.
ಅಳೆಯುವ ಯಂತ್ರ ಬಂದದ್ದು ಆಮೇಲೆ;
ನಮ್ಮ ಕಾಲಕ್ಕೆ ಕೈಯೇ.
ಮರದ ಮಾದರಿ ಒತ್ತಿ, ಉಸಿರು ಬಿಗಿಹಿಡಿದು ಎತ್ತಿದರೆ
ಉಳಿಯುವುದು ಖಾಲಿ.
ಆ ಖಾಲಿಗೇ ನಮಗೆ ಸಂಬಳ.

ಈ ಸಂಜೆ ಇನ್ನಾಸಪ್ಪನ ಮೊಮ್ಮಗಳು
ಹುಲ್ಲು ಹಾಸುತ್ತ ಕೇಳಿದಳು:
ದನ ಇದೆ, ಕುರಿ ಇದೆ,
ಒಂಟೆಗೆ ಕಾಲೊಂದಿಲ್ಲ, ಆದರೂ ಇದೆ.
ಮಗು ಎಲ್ಲಿ ತಾತ?
ನಡುರಾತ್ರಿಗೆ ಬರುತ್ತದೆ ಅಂದೆ,
ಅಲ್ಲಿಯವರೆಗೆ ಖಾಲಿ ಇರಬೇಕು.
ಯಾಕೆ?
ಒಂಟೆಯ ಕಾಲಿಗೆ ಕಡ್ಡಿ ಕಟ್ಟತೊಡಗಿದೆ.

ತೊಂಬತ್ತಾರರ ಆಷಾಢ. ಶೆಡ್ಡಿನ ತಗಡು ಸೋರಿತ್ತು.
ನಾನು ನೋಡಿರಲಿಲ್ಲ.
ಇಲ್ಲ, ನೋಡಿದ್ದೆ.
ಅಂಗೈ ಒದ್ದೆಯಾಗಿತ್ತು, ಪ್ಯಾಂಟಿಗೆ ಒರೆಸಿಕೊಂಡೆ.
ಪಾಳಿ ಮುಗಿಯಲು ಇಪ್ಪತ್ತೇ ನಿಮಿಷ,
ನಡೆಯುತ್ತದೆ ಬಿಡು ಅಂದುಕೊಂಡೆ.
ಹಸಿ ಮರಳಿಗೆ ಕಾದ ಕಬ್ಬಿಣ ಬಿದ್ದರೆ
ಒಳಗಿನ ನೀರು ಒಮ್ಮೆಲೇ ಆವಿ.
ಸೌಟು ಹಿಡಿದಿದ್ದವನು ಹಾಲಪ್ಪ.
ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ.
ಈ ಸಲ ಮಳೆ ಸ್ವಲ್ಪ ಜಾಸ್ತಿ ಅಲ್ವಾ ಚೌರಣ್ಣ, ಅಂದ.
ಅಷ್ಟೇ ಅಂದ.

ಪಾಪನಿವೇದನೆಗೆ ಹೋದೆ.
ಸ್ವಾಮಿಗಳು ಕ್ಷಮೆ ಸಾರಿ ಮೂರು ಜಪಮಾಲೆ ಹೇಳಿದರು.
ಜಪ ಮುಗಿಯಿತು,
ಕೈ ಮುಗಿಯಲಾಗಲಿಲ್ಲ.
ಇಷ್ಟು ವರ್ಷ ಗೋದಲಿ ಕಟ್ಟುವ ನೆಪದಲ್ಲಿ
ಕೈಗೆ ಬೇರೆ ಕೆಲಸ ಕೊಟ್ಟುಕೊಂಡು ಬಂದೆ.

ಹನ್ನೆರಡರ ಗಂಟೆ.
ಬಿಳಿಬಟ್ಟೆಯಲ್ಲಿ ಬಾಲಯೇಸು ಬಂದ.
ಪಾದಕ್ಕೆ ಮುತ್ತಿಡಲು ಸಾಲು,
ಹೊರಗೆ ಬಾಗಿಲಿನತನಕ ಮಂಜು,
ಯಾರದೋ ಕೂಸು ಅತ್ತು ಅತ್ತು ಬಿಕ್ಕುತ್ತಿತ್ತು.
ನೆಗಡಿಯ ಮೂಗೊರೆಸುತ್ತ ನಿಂತವನಿಗೆ
ಆಗ ಹೊಳೆಯಿತು, ಎಷ್ಟು ತಡವಾಗಿ:

ಕುಲುಮೆಯ ಬಾಯಿ ತೆರೆದಾಗ
ಕಣ್ಣು ಕೊಡಲಾಗದ ಬಿಳುಪು ನಾನು ಬಲ್ಲೆ.
ಅದನ್ನೂ ಕತ್ತಲೆನಿಸುವಂಥದ್ದನ್ನು
ಒಬ್ಬ ಹುಡುಗಿಯೊಳಕ್ಕೆ ಎರೆದರು.
ಬೆವರು, ನೆತ್ತರು, ಎದೆಹಾಲು, ಕಣ್ಣೀರು.
ಇಷ್ಟು ಹಸಿಯಾದ ಅಚ್ಚನ್ನು
ಯಾವ ಮೇಸ್ತ್ರಿಯೂ ಪಾಸು ಮಾಡುವುದಿಲ್ಲ.
ಸಿಡಿಯಲಿಲ್ಲ.
ಯಾಕೆಂದರೆ ಹದಕ್ಕೆ ಬಂದದ್ದು ಮರಳಲ್ಲ,
ಬೆಂಕಿ.
ತಾನೇ ಇಳಿದು, ಇಳಿದು,
ಕಂಕುಳಲ್ಲಿ ಹಿಡಿಯುವಷ್ಟು ಬೆಚ್ಚಗಾಗಿ
ಹಸಿವಿಗೆ ಅತ್ತಿತು.

ಇದರಿಂದ ಹಾಲಪ್ಪ ಎದ್ದು ಬರುವುದಿಲ್ಲ.
ಬೆಳಿಗ್ಗೆ ಕಜ್ಜಾಯದ ಡಬ್ಬಿ ಹಿಡಿದು
ಅವನ ಹೆಂಡತಿಯ ಬಾಗಿಲಿಗೆ ಹೋಗುತ್ತೇನೆ, ಪ್ರತಿವರ್ಷದ ಹಾಗೆ.
ಹಬ್ಬ ಜೋರಾ, ಅನ್ನುತ್ತಾಳೆ.
ಇಪ್ಪತ್ತೆಂಟು ಸಲ ಹೊಸ್ತಿಲಿನಿಂದಲೇ ತಿರುಗಿದ್ದೇನೆ.
ಈ ಸಲ ಒಳಗೆ ಹೋಗಿ ಕೂರಬೇಕು.
ಅಂಗೈ ಒದ್ದೆಯಾಗಿತ್ತು ಎಂಬಲ್ಲಿಂದ
ಶುರುಮಾಡಬೇಕು.

ತಾತ, ನಿಮ್ಮ ಸರದಿ, ಹುಡುಗಿ ತಿವಿದಳು.
ಬಗ್ಗಿದೆ. ಸುಣ್ಣದ ಪುಟ್ಟ ಪಾದ,
ಊರಿನ ತುಟಿಗಳೆಲ್ಲ ತಾಕಿ
ಒದ್ದೆಯಾಗಿತ್ತು.
ಒರೆಸಲು ಸ್ವಾಮಿಗಳು ವಸ್ತ್ರ ಎತ್ತಿದರು.
ಬೇಡ ಅಂದೆ.